ಗೆಳೆಯನಿಗೊಂದು ಪತ್ರ: ಸಹಿ ಹಾಕುವ ಮುಂಚೆ

ಪ್ರೀತಿಯ ಗೆಳೆಯಾ,

ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದಿರುವ ನಮ್ಮ ಗೆಳೆಯನ ಪರವಾಗಿ ನೀನು ಬರೆದು ಕಳಿಸಿದ ಮನವಿ ಓದಿದೆ. ಆಮೇಲೆ ಪೆನ್ಸಿಲ್ ಹಿಡಿದುಕೊಂಡು ಇನ್ನೊಮ್ಮೆ ಓದಿದೆ. ಸಹಿ ಮಾತ್ರ ಇನ್ನೂ ಹಾಕಿಲ್ಲ. ಗ್ರೂಪಿನಲ್ಲಿ ಎಲ್ಲರೂ ಹಾಕಿ ಆಯ್ತು, ಇವನೊಬ್ಬನದ್ದು ಏನಪ್ಪಾ ರಗಳೆ ಅಂತ ನಿನಗೆ ಸಿಟ್ಟು ಬಂದಿರುತ್ತೆ. ಬರಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವನು ಆ ಕೊಲೆ ಮಾಡಿಲ್ಲ ಅಂತ ನಾನೂ ನಂಬಿದ್ದೇನೆ. ನಂಬಿರುವುದರಿಂದಲೇ ಈ ಕಾಗದ ಈಗಿರುವ ಹಾಗೆ ಹೊರಗೆ ಹೋಗೋದು ಬೇಡ ಅಂತಿದ್ದೇನೆ.

ಮೊದಲ ಪ್ಯಾರಾದಲ್ಲೇ 'ಅವನು ಒಂದು ಇರುವೆಗೂ ನೋವು ಮಾಡಿದವನಲ್ಲ' ಅಂತ ಬರೆದಿದ್ದೀಯ. ಇರುವೆ ವಿಷಯ ಹಾಗಿರಲಿ. ಕೇರಂನಲ್ಲಿ ಸೋತ ಸಿಟ್ಟಿಗೆ ಬೋರ್ಡನ್ನೇ ಎತ್ತಿ ಗೋಡೆಗೆ ಎಸೆದದ್ದನ್ನು ನಾವಿಬ್ಬರೂ ನೋಡಿದ್ದೇವಲ್ಲ? ಅದೇನೂ ಅವನನ್ನು ಕೊಲೆಗಾರ ಮಾಡುವುದಿಲ್ಲ. ಆದರೆ 'ಸಿಟ್ಟೇ ಬರದ ಮನುಷ್ಯ' ಅಂತ ನಾವು ಬರೆದು ಕೊಟ್ಟರೆ, ಎದುರು ಪಕ್ಷದವರು ಮಾಡುವ ಮೊದಲ ಕೆಲಸ ಆ ಬೋರ್ಡ್ ಕಥೆ ಹುಡುಕಿ ತರೋದು. ಕೋರ್ಟಿನಲ್ಲೂ ಕ್ರಮ ಹೀಗೇ ಇದೆ. ಆರೋಪಿಯ ಹಳೇ ಕೆಟ್ಟ ನಡತೆಯನ್ನು ಸಾಮಾನ್ಯವಾಗಿ ಸರ್ಕಾರಿ ವಕೀಲರು ತಾವಾಗಿ ಎತ್ತುವ ಹಾಗಿಲ್ಲ. ಅವನು ಒಳ್ಳೆಯವನು ಅಂತ ಅವನ ಕಡೆಯವರು ಸಾಕ್ಷಿ ತಂದರೆ ಮಾತ್ರ, ಉತ್ತರವಾಗಿ ಅದನ್ನು ಕೆದಕಬಹುದು. ನಮ್ಮಲ್ಲೂ ಹಾಗೇ, ಅಮೆರಿಕದಲ್ಲೂ ಹೆಚ್ಚುಕಮ್ಮಿ ಹಾಗೇ. ಮುಚ್ಚಿದ ಬಾಗಿಲನ್ನು ನಾವೇ ಹೋಗಿ ತೆಗೆದುಕೊಟ್ಟ ಹಾಗಾಗುತ್ತೆ. ಅವನ ವಕೀಲರನ್ನು ಕೇಳು, ಅವರೂ ಇದನ್ನೇ ಹೇಳುತ್ತಾರೆ.

ಇನ್ನೊಂದು ವಿಷಯವಿದೆ, ಹೇಳೋದು ಕಷ್ಟ. ನಿಜವಾಗಿ ಕೊಲೆ ಮಾಡಿದವರಿಗೂ ಗೆಳೆಯರಿರುತ್ತಾರೆ. ಅವರೂ ಇದೇ ಮಾತು ಹೇಳಿರುತ್ತಾರೆ, ಮನಸಾರೆ ಹೇಳಿರುತ್ತಾರೆ.

ರೋಜರ್ ಕೋಲ್ಮನ್ ಅಂತ ಒಬ್ಬನಿದ್ದ. ಅಮೆರಿಕದ ವರ್ಜೀನಿಯಾದಲ್ಲಿ ಕಲ್ಲಿದ್ದಲು ಗಣಿ ಕೆಲಸಗಾರ. 1981ರಲ್ಲಿ ಅವನ ಹೆಂಡತಿಯ ಸಹೋದರಿಯ ಕೊಲೆಯಾಯಿತು. ಮಾರನೇ ವರ್ಷ ಅವನಿಗೆ ಮರಣದಂಡನೆ ವಿಧಿಸಿದರು. ನಾನು ಮಾಡಿಲ್ಲ ಅಂತ ಅವನು ಕೊನೆಯವರೆಗೂ ಹೇಳಿದ. ಸುಳ್ಳು ಕೇಸಿನಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲೆಂದೇ ಸಂಸ್ಥೆ ಕಟ್ಟಿದ್ದ ಜೇಮ್ಸ್ ಮೆಕ್ಲೋಸ್ಕಿ ಅವನ ಪರ ನಿಂತರು. ಈ ಮೆಕ್ಲೋಸ್ಕಿ ಸುಮ್ನೆ ಯಾರನ್ನೋ ನಂಬುವ ಆಸಾಮಿಯಲ್ಲ. ನಿಜವಾಗಿ ನಿರಪರಾಧಿಗಳಾಗಿದ್ದ ಎಷ್ಟೋ ಜನರನ್ನು ಹೊರಗೆ ತಂದವರು. 1992ರ ಮೇ ತಿಂಗಳಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಕೋಲ್ಮನ್ ಮುಖ ಬಂತು. ಅದೇ ತಿಂಗಳ 20ರಂದು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದರು. ನಿರಪರಾಧಿಯನ್ನು ಕೊಲ್ಲುತ್ತಿದ್ದೀರಿ ಅನ್ನೋದೇ ಅವನ ಕೊನೆಯ ಮಾತಾಗಿತ್ತು. ಆ ಸಂಜೆ ಜೊತೆಯಲ್ಲಿ ಕೂತಿದ್ದ ಮೆಕ್ಲೋಸ್ಕಿ, ನಿನ್ನ ಹೆಸರು ತೊಳೆದೇ ತೀರುತ್ತೇನೆ ಅಂತ ಮಾತು ಕೊಟ್ಟರು. ಕೊಟ್ಟ ಮಾತಿನಂತೆ ವರ್ಷಗಟ್ಟಲೆ ಡಿಎನ್ಎ ಪರೀಕ್ಷೆಗಾಗಿ ಹೋರಾಡಿದರು. 2006ರಲ್ಲಿ ರಾಜ್ಯಪಾಲರು ಒಪ್ಪಿದರು, ಟೊರಾಂಟೊದ ಲ್ಯಾಬಿನಲ್ಲಿ ಪರೀಕ್ಷೆಯಾಯಿತು. ಆ ಡಿಎನ್ಎ ಕೋಲ್ಮನ್‌ನದ್ದೇ.

ಆ ದಿನ ಮೆಕ್ಲೋಸ್ಕಿ ನಡೆದುಕೊಂಡ ರೀತಿ ನನಗೆ ತುಂಬಾ ಇಷ್ಟ. ಲ್ಯಾಬ್ ಸರಿಯಿಲ್ಲ, ಸ್ಯಾಂಪಲ್ ಬದಲಾಗಿದೆ ಅಂತೆಲ್ಲ ಅನ್ನಲಿಲ್ಲ. ನೋವಾಗಿದೆ, ಆದರೆ ಸತ್ಯ ಇದು ಅಂತ ಎಲ್ಲರೆದುರು ಒಪ್ಪಿಕೊಂಡರು. ಆಮೇಲೂ ಬೇರೆ ಕೈದಿಗಳ ಕೇಸುಗಳಲ್ಲಿ ಕೆಲಸ ಮುಂದುವರಿಸಿದರು. ಅದಕ್ಕೇ ಅವರು ಇನ್ನೊಬ್ಬನ ಪರ ಮಾತಾಡಿದಾಗ ಜನ ಕಿವಿಗೊಡುತ್ತಾರೆ. ನಿನ್ನ ಮನವಿಯಲ್ಲಿ 'ಯಾವ ಸಾಕ್ಷಿ ಬಂದರೂ ನಮ್ಮ ನಂಬಿಕೆ ಅಲುಗಾಡುವುದಿಲ್ಲ' ಅನ್ನೋ ಸಾಲಿದೆ. ಸುತ್ತ ಗೀಟು ಹಾಕಿದ್ದೇನೆ, ತೆಗೆದುಬಿಡು. ಏನೇ ಬಂದರೂ ಅಲುಗದ ನಂಬಿಕೆಗೆ ಪೊಲೀಸರಾಗಲಿ ಜಡ್ಜಾಗಲಿ ಯಾಕೆ ಬೆಲೆ ಕೊಡಬೇಕು?

ಹಾಗಾದರೆ ಏನು ಬರೆಯಬೇಕು ಅಂತೀಯ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆರು ಜನರ ಕೇಸು ನೋಡು. 1974ರ ನವೆಂಬರ್ 21ರಂದು ಅಲ್ಲಿನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಆರು ಐರಿಶ್ ಗಂಡಸರನ್ನು ಹಿಡಿದರು. ಹೊಡೆದು ಬಡಿದು ತಪ್ಪೊಪ್ಪಿಗೆ ಬರೆಸಿಕೊಂಡರು. ಮುಖ್ಯ ವೈಜ್ಞಾನಿಕ ಸಾಕ್ಷಿ ಅಂದರೆ ಗ್ರೀಸ್ ಟೆಸ್ಟ್ ಅನ್ನೋ ಪರೀಕ್ಷೆ. ಕೈ ಒರೆಸಿದ ಹತ್ತಿಗೆ ರಾಸಾಯನಿಕ ಹಾಕಿ, ಬಣ್ಣ ಬಂದರೆ ಸ್ಫೋಟಕ ಮುಟ್ಟಿದ್ದಾರೆ ಅನ್ನೋದು. ಇಬ್ಬರು ಸ್ಫೋಟಕ ಮುಟ್ಟಿರುವುದು ಶೇಕಡಾ 99ರಷ್ಟು ಖಚಿತ ಅಂದ ತಜ್ಞ. ಅವರಲ್ಲಿ ಐವರು ಆ ರಾತ್ರಿ ರೈಲಿನಲ್ಲಿ ಹೋಗುತ್ತಿದ್ದರು. ದಾರಿಯುದ್ದಕ್ಕೂ ಇಸ್ಪೀಟು ಆಡಿದ್ದರು. ಹಳೇ ಇಸ್ಪೀಟು ಎಲೆಗಳ ಮೇಲೆ ನೈಟ್ರೋಸೆಲ್ಯುಲೋಸ್ ಅನ್ನೋ ರಾಸಾಯನಿಕದ ಲೇಪನ ಇರುತ್ತೆ. ಆ ಎಲೆ ಮುಟ್ಟಿದ ಕೈಯನ್ನು ಪರೀಕ್ಷೆ ಮಾಡಿದರೂ ಅದೇ ಬಣ್ಣ ಬರಬಹುದು! ಕ್ರಿಸ್ ಮಲಿನ್ ಅನ್ನೋ ಪತ್ರಕರ್ತ, ಒಂದು ಟಿವಿ ತಂಡ, ಇವರೆಲ್ಲ ಸೇರಿ ಇಂಥ ಚೂರುಚೂರು ಸಂಗತಿಗಳನ್ನು ಬೆನ್ನು ಹತ್ತಿದರು. ಆರೂ ಜನ ಹೊರಗೆ ಬಂದದ್ದು 1991ರ ಮಾರ್ಚ್ 14ರಂದು. ಇರುವೆಗೂ ನೋವು ಮಾಡದವರು ಅಂತ ಯಾರೂ ಅವರನ್ನು ಬಿಡಲಿಲ್ಲ ಕಣೋ.

ಆ ಕೇಸಿನಲ್ಲಿ ನಮಗೆ ಬೇಕಾದದ್ದು ಇನ್ನೊಂದಿದೆ. ಆ ಐವರು ಹೊರಟಿದ್ದು, ತಾನೇ ಇಡುತ್ತಿದ್ದ ಬಾಂಬ್ ಸಿಡಿದು ಸತ್ತ, ಐಆರ್ಎ ಅನ್ನೋ ಐರಿಶ್ ಸಶಸ್ತ್ರ ಗುಂಪಿನ ಒಬ್ಬ ಮನುಷ್ಯನ ಅಂತ್ಯಕ್ರಿಯೆಗೆ. ಬಂದರಿನಲ್ಲಿ ಪೊಲೀಸರು ತಡೆದು ಕೇಳಿದಾಗ ಅದನ್ನು ಮುಚ್ಚಿಟ್ಟರು. ಹೆದರಿಕೆಗೆ ಅಡಗಿಸಿದ ಆ ಒಂದು ವಿಷಯ ಆಮೇಲೆ ಅವರ ಕೊರಳಿಗೇ ಸುತ್ತಿಕೊಂಡಿತು.

ನಮ್ಮವನೂ ಹಾಗೇ ಮಾಡಿಕೊಂಡಿದ್ದಾನಲ್ಲ. ಆ ಸಂಜೆ ನಾನು ಕೊಲೆಯಾದವಳ ಮನೆಗೆ ಹೋಗೇ ಇಲ್ಲ ಅಂದ. ಆಮೇಲೆ ಕ್ಯಾಮೆರಾದಲ್ಲಿ ಲಿಫ್ಟಿನೊಳಗೆ ಹೋಗುವುದು ಕಂಡಾಗ, ಹೋಗಿದ್ದೆ, ಸಾಲದ ವಿಷಯ ಮಾತಾಡಿ ಬಂದೆ ಅಂದ. ಮನವಿಯಲ್ಲಿ ಇದರ ಸುದ್ದಿಯೇ ಇಲ್ಲ. ಯಾಕೆ ಬಿಟ್ಟೆ ಅಂತ ಗೊತ್ತು, ಓದಿದವರು ತಪ್ಪು ತಿಳಿಯುತ್ತಾರೆ ಅಂತ. ಆದರೆ ಇದು ಪೊಲೀಸರಿಗೆ ಗೊತ್ತು, ಪತ್ರಿಕೆಯವರಿಗೂ ಗೊತ್ತು. ನಾವು ಬರೆಯದಿದ್ದರೆ ನಾವೂ ಅಡಗಿಸುತ್ತಿದ್ದೇವೆ ಅಂತಾರೆ. ವಕೀಲರು ಹೂಂ ಅಂದರೆ ನೇರವಾಗಿ ಬರೆ: ಅವನು ಮೊದಲು ಸುಳ್ಳು ಹೇಳಿದ್ದಾನೆ, ಅದು ತಪ್ಪು, ಸುಳ್ಳು ಹೇಳಿದವನೇ ಕೊಲೆ ಮಾಡಿದ ಅಂತ ಆಗುವುದಿಲ್ಲ.

ಈಗ ನಾಲ್ಕನೇ ಪ್ಯಾರಾ. ನನಗೆ ಜಾಸ್ತಿ ಬೇಜಾರಾಗಿದ್ದು ಅಲ್ಲೇ. 'ಆ ವಾಚ್‌ಮನ್ ಮರುದಿನವೇ ಯಾಕೆ ರಜೆ ಹಾಕಿದ? ಅವನನ್ನು ಯಾಕೆ ಯಾರೂ ವಿಚಾರಿಸುತ್ತಿಲ್ಲ?' ಅಂತ ಕೇಳಿದ್ದೀಯ. ಬರೀ ಪ್ರಶ್ನೆ ಕೇಳಿದ್ದೇನೆ ಅಂತ ನೀನು ಅನ್ನಬಹುದು. ಓದುವವರಿಗೆ ಅದು ಪ್ರಶ್ನೆಯಾಗಿ ಕಾಣೋದಿಲ್ಲ. ರಜೆ ಹಾಕಿದ ಅನ್ನೋದು ಬಿಟ್ಟು ಅವನ ಬಗ್ಗೆ ನಿನಗೆ ಏನು ಗೊತ್ತು? ಅವನ ಹೆಸರಾದರೂ ಗೊತ್ತಾ?

2008ರ ಮೇ ತಿಂಗಳಲ್ಲಿ ನೋಯ್ಡಾದಲ್ಲಿ ಆರುಷಿ ಅನ್ನೋ ಹುಡುಗಿ ಕೊಲೆಯಾದಾಗ ಮೊದಲು ಎಲ್ಲರ ಬೆರಳು ಹೋದದ್ದು ಮನೆಗೆಲಸದ ಹೇಮರಾಜ್ ಕಡೆಗೆ. ಕಾಣಿಸುತ್ತಿಲ್ಲ, ಅಂದಮೇಲೆ ಅವನೇ. ಮಾರನೇ ದಿನ ಅದೇ ಮನೆಯ ಟೆರೇಸ್ ಮೇಲೆ ಅವನ ಹೆಣ ಸಿಕ್ಕಿತು. ಆಮೇಲೆ ಬೇರೆ ಕೆಲಸದಾಳುಗಳು ಜೈಲಿಗೆ ಹೋಗಿಬಂದರು, ಅವರ ಮೇಲೆ ಸಾಕಷ್ಟು ಸಾಕ್ಷಿ ಸಿಗಲಿಲ್ಲ. ಕೊನೆಗೆ ಅಪ್ಪ ಅಮ್ಮನ ಸರದಿ. 2013ರಲ್ಲಿ ಜೀವಾವಧಿ ಶಿಕ್ಷೆ, 2017ರಲ್ಲಿ ಅಲಹಾಬಾದ್ ಹೈಕೋರ್ಟಿನಿಂದ ಬಿಡುಗಡೆ. ಆ ದಂಪತಿಗಾಗಿ ಅವರ ಬಂಧುಗಳು, ಗೆಳೆಯರು ವರ್ಷಗಟ್ಟಲೆ ಓಡಾಡಿದರು. ಆ ಕೆಲಸದಾಳುಗಳಿಗಾಗಿ ಮನವಿ ಬರೆಯುವಷ್ಟು ಬಿಡುವು, ಇಂಗ್ಲಿಷು, ಪರಿಚಯದ ಪತ್ರಕರ್ತರು ಯಾರಿಗಿದ್ದರು? ನಮ್ಮ ವಾಚ್‌ಮನ್ ವಿಷಯವೂ ಅಷ್ಟೇ ಅಲ್ವಾ.

ಕೋಲ್ಮನ್ ಕಡೆಯವರೂ ಇನ್ನೊಬ್ಬನನ್ನು ಕೊಲೆಗಾರ ಅಂತ ಬಹಿರಂಗವಾಗಿ ತೋರಿಸಿದ್ದರು. ಡಿಎನ್ಎ ಬಂದಮೇಲೆ ಆ ಮನುಷ್ಯನಿಗೆ ಏನು ಅನ್ನಿಸಿರಬಹುದು ಅಂತ ಯೋಚಿಸು. ಅಪರಾಧಿಯ ಪರ ನಿಂತಾಗ ಮಾತ್ರ ಹೀಗಾಗುತ್ತೆ ಅಂದುಕೊಳ್ಳಬೇಡ. ಅಮೆರಿಕದ ಅರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್‌ನಲ್ಲಿ 1993ರ ಮೇ ತಿಂಗಳಲ್ಲಿ ಎಂಟು ವರ್ಷದ ಮೂವರು ಹುಡುಗರ ಕೊಲೆಯಾಯಿತು. ಕಪ್ಪು ಬಟ್ಟೆ ಹಾಕಿಕೊಂಡು, ಹೆವಿ ಮೆಟಲ್ ಹಾಡು ಕೇಳಿಕೊಂಡಿದ್ದ ಹದಿಹರೆಯದವರು ಸಿಕ್ಕಿಬಿದ್ದರು. ಅವರಲ್ಲಿ ಬುದ್ಧಿ ಕೊಂಚ ಮಂದವಿದ್ದ ಹುಡುಗನನ್ನು ಗಂಟೆಗಟ್ಟಲೆ ಕೂರಿಸಿ ತಪ್ಪೊಪ್ಪಿಗೆ ತೆಗೆದರು. ಅದರಲ್ಲಿ ರೆಕಾರ್ಡ್ ಆದದ್ದು ಸ್ವಲ್ಪ ಹೊತ್ತಿನದು ಮಾತ್ರ. ಒಬ್ಬನಿಗೆ ಮರಣದಂಡನೆ, ಇಬ್ಬರಿಗೆ ಜೀವಾವಧಿ. ಡಾಕ್ಯುಮೆಂಟರಿ ನೋಡಿದ ಅಪರಿಚಿತರು ಅವರಿಗೆ ಗೆಳೆಯರಾದರು. ಒಬ್ಬಾಕೆ ಮರಣದಂಡನೆಯಾದ ಡೇಮಿಯನ್ ಎಕಲ್ಸ್‌ಗೆ ಪತ್ರ ಬರೆಯುತ್ತಾ ಬರೆಯುತ್ತಾ ಜೈಲಿನಲ್ಲೇ ಅವನನ್ನು ಮದುವೆಯಾದಳು. ಹಣ ಕೂಡಿಸಿದರು, ಲ್ಯಾಬ್ ಪರೀಕ್ಷೆ ಮಾಡಿಸಿದರು. 2011ರ ಆಗಸ್ಟ್‌ನಲ್ಲಿ ಮೂವರೂ ಹೊರಗೆ ಬಂದರು. ಅದೂ ಒಂದು ವಿಚಿತ್ರ ಒಪ್ಪಂದದಲ್ಲಿ, ನಾವು ಮಾಡಿಲ್ಲ ಅಂತ ಹೇಳುತ್ತಲೇ ಕಾಗದದ ಮೇಲೆ ತಪ್ಪು ಒಪ್ಪಿಕೊಂಡು.

ಅಷ್ಟು ದೊಡ್ಡ ಕೆಲಸ ಮಾಡಿದ ಆ ಗೆಳೆಯರಲ್ಲೇ ಹಲವರು, ಸತ್ತ ಮಕ್ಕಳಲ್ಲೊಬ್ಬನ ಮಲತಂದೆಯೇ ಕೊಲೆಗಾರ ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದರು. ಮೈಮೇಲೆ ಕಚ್ಚಿದ ಗುರುತಿದೆ, ಅವನು ಹಲ್ಲು ಕೀಳಿಸಿಕೊಂಡಿದ್ದಾನೆ, ಇನ್ನೇನು ಬೇಕು ಅಂತ. ಅದು ರುಜುವಾತಾಗಲೇ ಇಲ್ಲ. ಆಮೇಲೆ ಅದೇ ಬೆರಳು ಇನ್ನೊಬ್ಬನ ಕಡೆ ತಿರುಗಿತು. ಮಗು ಕಳೆದುಕೊಂಡ ಆ ಮೊದಲಿನ ಮಲತಂದೆ, ತನ್ನನ್ನು ಬೈದವರ ಜೊತೆಗೇ ಕೊನೆಗೆ ನಿಂತು, ಈ ಹುಡುಗರು ಮಾಡಿಲ್ಲ ಅಂದ. ನನಗಂತೂ ಅಷ್ಟು ದೊಡ್ಡ ಮನಸ್ಸಿಲ್ಲಪ್ಪ.

ನಾಲ್ಕನೇ ಪ್ಯಾರಾ ಇದ್ದರೆ ನನ್ನ ಸಹಿ ಇಲ್ಲ. ಇದರಲ್ಲಿ ಚೌಕಾಸಿ ಬೇಡ. ಕೊಲೆಗಾರ ಯಾರು ಅಂತ ಹುಡುಕಿಕೊಡುವ ಹೊಣೆ ನಮ್ಮ ಮೇಲೆ ಯಾರೂ ಹೊರಿಸಿಲ್ಲ.

ನಿನ್ನ ಕೈಯಲ್ಲಿ ಬೇರೆ ಗಟ್ಟಿ ವಿಷಯವೇ ಇದೆಯಲ್ಲೋ! ಆ ರಾತ್ರಿ ಅವನು ನಿನಗೆ ಫೋನ್ ಮಾಡಿದ್ದ. ಮಾತಾಡುತ್ತಿದ್ದಾಗ ಹಿಂದೆ ಅವನ ಮಗಳು ಹೋಮ್‌ವರ್ಕ್ ತೋರಿಸುತ್ತೇನೆ ಅಂತ ಹಟ ಮಾಡುವುದು ಕೇಳಿಸಿತು ಅಂತ ನೀನೇ ನನಗೆ ಹೇಳಿದ್ದೆ. ಅಂಥ ಒಂದು ಮಾತಿನ ಬೆಲೆ ನೋಡು. ಇಟಲಿಯ ಪೆರೂಜಿಯಾದ ಕೊಲೆ ಕೇಸಿನಲ್ಲಿ, 2007ರಲ್ಲಿ, ಪೊಲೀಸರ ರಾತ್ರಿ ವಿಚಾರಣೆಯಲ್ಲಿ ಅಮಾಂಡಾ ನಾಕ್ಸ್ ಅನ್ನೋ ಅಮೆರಿಕದ ವಿದ್ಯಾರ್ಥಿನಿ, ತಾನು ಕೆಲಸ ಮಾಡುತ್ತಿದ್ದ ಬಾರಿನ ಮಾಲೀಕ ಪ್ಯಾಟ್ರಿಕ್ ಲುಮುಂಬಾ ಹೆಸರು ಹೇಳಿದಳು. ಅವನನ್ನು ಹಿಡಿದು ಒಳಗೆ ಹಾಕಿದರು. ಎರಡು ವಾರಕ್ಕೆ ಬಿಡಬೇಕಾಯಿತು. ಆ ಸಂಜೆ ಬಾರಿನಲ್ಲಿ ಅವನ ಜೊತೆ ಮಾತಾಡಿದ್ದ ಸ್ವಿಸ್ ಪ್ರೊಫೆಸರ್ ಒಬ್ಬ ಬಂದು, ನಾನು ಅವನನ್ನು ಅಲ್ಲಿ ನೋಡಿದ್ದೇನೆ ಅಂದ. ಅವನು ಲುಮುಂಬಾನ ಗುಣಗಾನ ಮಾಡಲು ಬಂದವನಲ್ಲ. ನೋಡಿದ್ದನ್ನು ಹೇಳಿ ಹೋದ, ಅಷ್ಟೇ.

ನೀನೂ ಅಷ್ಟು ಮಾಡು. ಫೋನ್ ಬಂದ ಹೊತ್ತು, ಎಷ್ಟು ಹೊತ್ತು ಮಾತಾಡಿದಿರಿ, ಏನು ಕೇಳಿಸಿತು, ಎಲ್ಲ ಬರೆದು ವಕೀಲರಿಗೆ ಕೊಡು. ಮನವಿಯಲ್ಲಿ ಹಾಕೋದು ಬೇಡ, ಅದು ಸಾಕ್ಷಿ. ಫೋನ್ ಬದಲಾಯಿಸಬೇಡ, ಏನನ್ನೂ ಡಿಲೀಟ್ ಮಾಡಬೇಡ. ಗ್ರೂಪಿನಲ್ಲಿ ಆ ರಾತ್ರಿಯ ಮಾತು ಎತ್ತುವುದನ್ನು ಇವತ್ತೇ ನಿಲ್ಲಿಸು. ಮೊನ್ನೆ ನೋಡಿದೆಯಲ್ಲ, ಬೆಳಿಗ್ಗೆ ಒಬ್ಬ ಎಂಟೂವರೆ ಅಂದ, ಇನ್ನೊಬ್ಬ ಒಂಬತ್ತು ಅಂದ, ನೀನು ಒಂಬತ್ತೂಕಾಲು ಅಂದೆ. ಸಂಜೆಯಷ್ಟರಲ್ಲಿ ಎಲ್ಲರದ್ದೂ ಒಂಬತ್ತೂಕಾಲು! ಯಾರೂ ಸುಳ್ಳು ಹೇಳುತ್ತಿಲ್ಲ. ನೆನಪು ಹಾಗೇನೇ, ಪಕ್ಕದವನದ್ದನ್ನು ಅಂಟಿಸಿಕೊಳ್ಳುತ್ತೆ. ಆದರೆ ಕೋರ್ಟಿನ ಪಾಟೀಸವಾಲಿನಲ್ಲಿ ಇದು ಹೊರಗೆ ಬಂದರೆ ನಿಜವಾಗಿ ನೆನಪಿರುವ ನಿನ್ನ ಮಾತೂ ನೀರಿಗೆ ಹೋಗುತ್ತೆ.

ಕೊನೆಯದಾಗಿ, ಅವಳು. ಇಡೀ ಮನವಿಯಲ್ಲಿ 'ಸದರಿ ಘಟನೆ' ಅಂತ ಇದೆ, ಸತ್ತವಳ ಹೆಸರಿಲ್ಲ. ಪೆರೂಜಿಯಾದಲ್ಲಿ ಸತ್ತದ್ದು ಮೆರೆಡಿತ್ ಕರ್ಚರ್ ಅನ್ನೋ ಹುಡುಗಿ. ಎಲ್ಲರೂ ಆ ಕೊಲೆಯ ಆರೋಪ ಹೊತ್ತ ನಾಕ್ಸ್ ಬಗ್ಗೆ ಜಗಳವಾಡುತ್ತಾ ನಮ್ಮ ಮೆರೆಡಿತ್‌ಳನ್ನು ಮರೆತರು ಅಂತ ಅವಳ ಮನೆಯವರು ಎಷ್ಟು ಸಲ ಹೇಳಿಕೊಂಡರು. ನಾಕ್ಸ್ ಮಾಡಿಲ್ಲ ಅಂತ 2015ರಲ್ಲಿ ಇಟಲಿಯ ಸರ್ವೋಚ್ಚ ಕೋರ್ಟೇ ತೀರ್ಪು ಕೊಟ್ಟ ಮೇಲೂ ಆ ಮಾತು ಸುಳ್ಳಾಗುವುದಿಲ್ಲ. ನಮ್ಮ ಮನವಿಯನ್ನು ಇವಳ ಅಮ್ಮನೂ ಓದುತ್ತಾರೆ. ನಾವು ಅವರ ಎದುರು ಪಕ್ಷದವರು ಅಂತ ಅವರಿಗೆ ಈಗಾಗಲೇ ಅನ್ನಿಸಿರುತ್ತೆ. ಮೊದಲ ಸಾಲಿನಲ್ಲೇ ಅವಳ ಹೆಸರು ಹಾಕು. ಕೊಂದವರು ಸಿಗಲಿ ಅಂತ ನಾವೂ ಕೇಳುತ್ತಿದ್ದೇವೆ ಅಂತ ಬರೆ. ಅದು ಸುಮ್ನೆ ಶಾಸ್ತ್ರಕ್ಕೆ ಬೇಡ. ಬೇರೆ ಯಾರೋ ಮಾಡಿದ್ದಾರೆ ಅಂತ ನಾವು ನಿಜವಾಗಿ ನಂಬಿದ್ದರೆ, ಅವರು ಸಿಗಬೇಕು ಅಂತ ನಮಗೂ ಅನ್ನಿಸಬೇಕಲ್ವಾ?

ಗೀಟು ಹಾಕಿದ ಪ್ರತಿ ಇದರ ಜೊತೆಗಿದೆ. ತಿದ್ದಿ ಮೊದಲು ವಕೀಲರಿಗೆ ತೋರಿಸು, ಆಮೇಲೆ ನನಗೆ ಕಳಿಸು, ಅವತ್ತೇ ಸಹಿ ಹಾಕುತ್ತೇನೆ. ಅವನ ಹೆಂಡತಿಗೆ ಈ ಹೊತ್ತಿನಲ್ಲಿ ಮನವಿಗಿಂತ, ಮಗಳನ್ನು ಸ್ಕೂಲಿಂದ ಕರೆತರುವವರು ಬೇಕಾಗಿದ್ದಾರೆ. ಸೋಮವಾರ, ಬುಧವಾರ ನಾನು ಹೋಗುತ್ತೇನೆ ಅಂತ ಹೇಳಿದ್ದೇನೆ. ಉಳಿದ ದಿನಕ್ಕೆ ಗ್ರೂಪಿನಲ್ಲಿ ಯಾರಾಗುತ್ತಾರೆ ಕೇಳು.

ನಿನ್ನವ