ಭಾನುವಾರ: ಓಸಿ, ಲಾಟರಿ ಕಾಲದ ನೆನಪು

ಸ್ನೇಹಿತರೇ, ಈ ಭಾನುವಾರ ಗುಂಪಿನಲ್ಲಿ ಹಳೇ ಜೂಜಿನ ಕಥೆಗಳು. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು. ಅದಕ್ಕೂ ಮುಂಚೆ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಮಾರುತ್ತಿದ್ದವರ ಮೈಕಿನ ದನಿ ಯಾರಿಗೆ ನೆನಪಿದೆ?

ಓಸಿ, ಅಂದರೆ ನಂಬರಿನ ಮೇಲೆ ದುಡ್ಡು ಕಟ್ಟುವ ಮಟ್ಕಾ ಜೂಜು, ಅದರದ್ದಂತೂ ಬೇರೆಯೇ ಲೋಕ. ಮುಂಬೈನಲ್ಲಿ ಮೊದಲು ನ್ಯೂಯಾರ್ಕ್ ಹತ್ತಿ ದರದ ಮೇಲೆ ಬಾಜಿ ಕಟ್ಟುತ್ತಿದ್ದರು. 1960ರ ದಶಕದಲ್ಲಿ ಅದು ಹೋಗಿ ಮಡಕೆಯಿಂದ ನಂಬರ್ ಚೀಟಿ ಎತ್ತುವುದು ಬಂತು, ಆಮೇಲೆ ಇಸ್ಪೀಟು ಎಲೆ ಎತ್ತುವುದು. ಅಲ್ಲಿನ ಓಪನ್ (ಮೊದಲು ಬರುವ), ಕ್ಲೋಸ್ (ಕೊನೆಗೆ ಬರುವ) ನಂಬರಿಗೆ ನಮ್ಮೂರ ಬೀಡಾ ಅಂಗಡಿಗಳು ರಾತ್ರಿವರೆಗೂ ಕಾಯುತ್ತಿದ್ದವು. ಕನಸಿನಲ್ಲಿ ಹಾವು ಕಂಡರೂ ಅದಕ್ಕೊಂದು ನಂಬರ್ ಹುಡುಕುತ್ತಿದ್ದರು, ಅಲ್ವಾ!

ದುಡ್ಡು, ಮನೆ ಕಳೆದುಕೊಂಡವರ ಹೆಸರು ಬರೆಯಬೇಡಿ. ಅವರ ಮಕ್ಕಳೂ ಇಲ್ಲೇ ಇದ್ದಾರೆ. ಬೆಟ್ಟಿಂಗ್ ಆ್ಯಪ್ ಲಿಂಕ್ ಹಾಕಿದರೆ ತಕ್ಷಣ ಅಳಿಸುತ್ತೇವೆ. ಹಳೇ ಟಿಕೆಟ್ ಇದ್ದವರು ಫೋಟೋ ಹಾಕಿ.