ಕೈರೊ ಅವನತಿಗೆ ಸೇತುವೆಯೊಂದೇ ಕಾರಣವಲ್ಲ

ಒಹಾಯೊ ಮತ್ತು ಮಿಸಿಸಿಪ್ಪಿ ನದಿಗಳ ಸಂಗಮದಲ್ಲಿರುವ ಅಮೆರಿಕದ ಕೈರೊ ಪಟ್ಟಣವು ರೈಲು ಮತ್ತು ಸೇತುವೆಗಳಿಂದಾಗಿಯೇ ಅವನತಿ ಹೊಂದಿತು ಎಂಬ ಪತ್ರಿಕೆಯ ವರದಿ ಅಪೂರ್ಣವಾಗಿದೆ. 1889ರಲ್ಲಿ ಒಹಾಯೊ ನದಿಗೆ ರೈಲು ಸೇತುವೆಯಾದ ಬಳಿಕ ಅಲ್ಲಿನ ನದಿ ಸಾಗಣೆಗೆ ಪೆಟ್ಟು ಬಿದ್ದದ್ದು ನಿಜ. ಆದರೂ ಊರು ಬೆಳೆಯುತ್ತಲೇ ಹೋಗಿ, 1920ರಲ್ಲಿ 15 ಸಾವಿರಕ್ಕೂ ಹೆಚ್ಚು ಜನರಿದ್ದರು. ಅದನ್ನು ಒಳಗಿನಿಂದ ಒಡೆದದ್ದು ವರ್ಣಭೇದ. ಕಪ್ಪುವರ್ಣೀಯರಿಗೂ ಕೆಲಸ ಕೊಡಿ ಎಂದು 1969ರಲ್ಲಿ ಆರಂಭವಾದ ಅಂಗಡಿ ಬಹಿಷ್ಕಾರ ವರ್ಷಗಟ್ಟಲೆ ನಡೆದಾಗ, ಬಿಳಿಯ ವ್ಯಾಪಾರಿಗಳಲ್ಲಿ ಹಲವರು ಬೇಡಿಕೆಗೆ ಒಪ್ಪುವುದರ ಬದಲು ಅಂಗಡಿಗಳನ್ನೇ ಮುಚ್ಚಿದರು. ಅದಕ್ಕೂ ಮೊದಲೇ, ಎಲ್ಲ ಮಕ್ಕಳೂ ಒಟ್ಟಿಗೆ ಈಜಬೇಕಾದೀತೆಂದು ಈಜುಕೊಳವನ್ನು ಮುಚ್ಚಲಾಗಿತ್ತೆಂಬುದು ಮನಸ್ಸನ್ನು ಕಲಕುತ್ತದೆ. 2020ರ ಜನಗಣತಿಯಲ್ಲಿ ಉಳಿದವರು 1,733 ಮಂದಿ. ಇಂಥ ಊರುಗಳ ಕುರಿತ ಮುಂದಿನ ಲೇಖನಗಳಲ್ಲಿ, ಅಲ್ಲಿ ಇಂದಿಗೂ ಬದುಕುತ್ತಿರುವ ಕಪ್ಪುವರ್ಣೀಯರ ಅನುಭವಕ್ಕೂ ಪತ್ರಿಕೆ ಜಾಗ ನೀಡಬೇಕು.

– ಓದುಗ, ಧಾರವಾಡ