ಬೀಗ ರಿಪೇರಿ ಯಜಮಾನರಿಗೆ ನಮಸ್ಕಾರ

ಚಿಕ್ಕಮಗಳೂರು ಐ.ಜಿ. ರಸ್ತೆಯ ಆಸುಪಾಸಿನಲ್ಲಿ ಬೀಗ, ಛತ್ರಿ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ಈ ಧನ್ಯವಾದ. ಹೆಸರು ಕೇಳಿದರೆ ನಕ್ಕು ಸುಮ್ಮನಾದರು.

ಮೂಡಿಗೆರೆ ಕಡೆಯ ನಮ್ಮ ದೊಡ್ಡಪ್ಪನಿಗೆ, ತಿಥಿಯ ದಿನ ಅವರಪ್ಪ ತಂಬಾಕು ಸೇದುತ್ತಿದ್ದ ಪೈಪನ್ನು ಅವರ ಫೋಟೋ ಮುಂದೆ ಇಡುವ ಆಸೆ. ಬ್ರಯರ್ ಪೈಪು ಅದು, ಮೆಡಿಟರೇನಿಯನ್ ಸೀಮೆಯ ಪೊದೆಯೊಂದರ ಬೇರುಗಂಟಿನಿಂದ ಕಡೆದದ್ದು. ಪೆಟ್ಟಿಗೆಯಲ್ಲೇ ಇದ್ದೂ ಇದ್ದೂ ಬಾಯಿಗಿಡುವ ಎಬೊನೈಟ್ (ಗಟ್ಟಿ ರಬ್ಬರ್) ಕೊಳವೆ ಕಚ್ಚಿಕೊಂಡಿತ್ತು. ಮಾರನೇ ದಿನವೇ ತಿಥಿ. ಕೇಳಿದ ಕಡೆಯೆಲ್ಲ ‘ಇಕ್ಕಳ ಹಾಕಿ ತಿರುಗಿಸೋಣ’ ಅಂದವರೇ.

ಇವರು ಇಕ್ಕಳ ಮುಟ್ಟಲಿಲ್ಲ. ಚಿಕ್ಕಂದಿನಲ್ಲಿ ಎಸ್ಟೇಟ್ ಬಂಗಲೆಯಲ್ಲಿ ಕೆಲಸಕ್ಕಿದ್ದರಂತೆ. ಪೈಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಪಕ್ಕದ ಜ್ಯೂಸ್ ಅಂಗಡಿಯ ಫ್ರೀಜರಿನಲ್ಲಿಟ್ಟು ಬಂದರು. “ತಣ್ಣಗಾದ್ರೆ ಕುಗ್ಗುತ್ತೆ ಕಣಮ್ಮ, ತಾನೇ ಬಿಡುತ್ತೆ.” ನನಗೆ ಸ್ಟೂಲ್ ಒರೆಸಿ ಕೊಟ್ಟು ಕಾಫಿ ತರಿಸಿದರು. ಆಮೇಲೆ ಮೆಲ್ಲಗೆ ತಿರುಗಿಸಿದಾಗ ಕೊಳವೆ ಬಿಟ್ಟುಕೊಂಡಿತು. ಆಗಲೇ ನಾನು ಉಸಿರು ಬಿಟ್ಟದ್ದು.

ತಂತಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಹತ್ತಿ ಬಿಳಿಯಾಗೇ ಹೊರಬರುವವರೆಗೂ ಉಜ್ಜಿದರು. ತಂಬಾಕು ತುಂಬುವ ಬಟ್ಟಲೊಳಗಿನ ಕರಿಯನ್ನು ಮಾತ್ರ ಪೂರ್ತಿ ಕೆರೆಯಲಿಲ್ಲ. ನಾಣ್ಯದ ದಪ್ಪದಷ್ಟು ಉಳಿಸಿದರು. ಬೆಂಕಿಯಿಂದ ಮರವನ್ನು ಕಾಯುವುದು ಆ ಪದರವೇ. ‘ನೀರಲ್ಲಿ ನೆನೆಸಬೇಡಿ, ಬಿಸಿ ಇರುವಾಗ ಕೊಳವೆ ಕೀಳಬೇಡಿ’ ಎಂದು ಚೀಟಿಯಲ್ಲಿ ಬರೆದೂ ಕೊಟ್ಟರು. ನೂರು ರೂಪಾಯಿ ಕೊಟ್ಟರೆ ಐವತ್ತು ವಾಪಸ್ ಮಾಡಿದರು.

ಯಜಮಾನ್ರೇ, ಪೈಪು ಹೊತ್ತಿಗೆ ಸರಿಯಾಗಿ ಮನೆ ಸೇರಿತು. ದೊಡ್ಡಪ್ಪ ನಿಮಗೆ ತೋಟದ ಕಾಫಿಪುಡಿ ಕಳಿಸುತ್ತಿದ್ದಾರೆ, ದಯವಿಟ್ಟು ಬೇಡ ಅನ್ನಬೇಡಿ.